ದೃಷ್ಟಿ ಸಂಪರ್ಕ: 5ಕ್ಕೆ 2

ನನ್ನ ಬೋಧನಾಭ್ಯಾಸದ ಅವಲೋಕನ ಪುಸ್ತಕದಲ್ಲಿ ಒಂದು ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿದ್ದೇನೆ. ತರಗತಿ 10, ವಿಷಯ ವಿಜ್ಞಾನ, ಪಾಠ 'ಮಾನವನ ಕಣ್ಣು ಮತ್ತು ವರ್ಣಮಯ ಜಗತ್ತು'. ಪೀಠಿಕೆ, ಪ್ರಶ್ನಿಸುವ ಕೌಶಲ, ಬೋಧನೋಪಕರಣಗಳ ಬಳಕೆ, ಕಪ್ಪುಹಲಗೆ ಕೆಲಸ, ಎಲ್ಲದಕ್ಕೂ 4 ಅಥವಾ 5 ಅಂಕ. 'ವಿದ್ಯಾರ್ಥಿಗಳೊಂದಿಗೆ ದೃಷ್ಟಿ ಸಂಪರ್ಕ' ಎಂಬ ಸಾಲಿನ ಎದುರಿಗೆ ಮಾತ್ರ 2. ಪಕ್ಕದಲ್ಲಿ ಕೆಂಪು ಶಾಯಿಯ ಷರಾ: "ಕಣ್ಣು ಮುಚ್ಚಿಕೊಂಡು ಪಾಠ ಮಾಡುವ ಅಭ್ಯಾಸ ಬಿಡಬೇಕು. ಬಣ್ಣದ ಕನ್ನಡಕ ತರಗತಿಗೆ ತಕ್ಕುದಲ್ಲ."

ಕಣ್ಣಿನ ಪಾಠವನ್ನೇ ಕಣ್ಣು ಮುಚ್ಚಿಕೊಂಡು ಮಾಡಿದವಳು ಎಂದು ಗೆಳತಿಯರು ನಕ್ಕರು, ನಾನೂ ನಕ್ಕೆ. ಷರಾ ಬರೆದವರ ಮೇಲೆ ಸಿಟ್ಟಿಲ್ಲ. ಅವರು ಕಂಡದ್ದನ್ನು ಬರೆದರು. ಕಾಣದೇ ಇದ್ದದ್ದನ್ನು ಕೇಳುವುದಕ್ಕೆ ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಈ ಬರಹದ ವಿಷಯ ಆ ಇಲ್ಲದ ಜಾಗ. ಅದನ್ನು ಹೇಳಬೇಕಾದರೆ ನನ್ನ ಕಣ್ಣಿನ ಕತೆಯನ್ನೂ ಸ್ವಲ್ಪ ಹೇಳಬೇಕಾಗುತ್ತದೆ, ಸಹಿಸಿಕೊಳ್ಳಿ.

2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಮದ್ರಾಸ್ ಐ ಹರಡಿದ್ದು ಎಲ್ಲರಿಗೂ ನೆನಪಿರಬೇಕು. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಮನೆಗೊಬ್ಬರು ಕೆಂಪು ಕಣ್ಣು ಮಾಡಿಕೊಂಡು ಜಗಲಿಯ ಮೇಲೆ ಕೂತಿದ್ದರು. ನನಗೂ ಬಂತು. ಉಳಿದವರಿಗೆ ಎಂಟು ಹತ್ತು ದಿನದಲ್ಲಿ ವಾಸಿಯಾಯಿತು, ನನ್ನದು ಕೆಂಪು ಹೋದರೂ ಉರಿ ಹೋಗಲಿಲ್ಲ. ಕಣ್ಣಿಗೆ ಮರಳು ಎರಚಿದ ಹಾಗೆ. ಗಾಳಿ ತಾಕಿದರೆ ಖಾರದ ಪುಡಿ ಬಿದ್ದ ಹಾಗೆ. ಟ್ಯೂಬ್‌ಲೈಟಿನ ಕೆಳಗೆ ಅರ್ಧ ಗಂಟೆ ಕೂತರೆ ಹುಬ್ಬಿನ ಹಿಂದಿನಿಂದ ಸೂಜಿ ಚುಚ್ಚಿ ತೆಗೆದ ಹಾಗೆ. ಮನೆಯಲ್ಲಿ ಅವ್ವ ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಸಿ ರೆಪ್ಪೆಯ ಮೇಲೆ ಇಟ್ಟಳು, ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಅದರಿಂದ ತಂಪಾಯಿತು, ಸುಳ್ಳು ಹೇಳಲಾರೆ. ಅಜ್ಜಿಯದು ಇನ್ನೊಂದು ದಾರಿ. ಯಾರದೋ ದೃಷ್ಟಿಯಾಗಿದೆ ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾ ಹೊರಗೆ ಓಡಿದರೆ ನಾನು ಎರಡು ದಿನ ಕಣ್ಣು ಬಿಡಲಾಗದೆ ಮಲಗಿದೆ. ಅಷ್ಟೂ ಘಾಟಾದರೆ ದೃಷ್ಟಿ ಬಿಟ್ಟುಹೋಯಿತು ಎಂದು ಅರ್ಥವಂತೆ.

ಆಸ್ಪತ್ರೆಯಲ್ಲಿ ಮೊದಲು ಓದಿಸಿದ್ದು ಗೋಡೆಯ ಮೇಲಿನ ಅಕ್ಷರದ ಚಾರ್ಟು. ಕೊನೆಯ ಸಾಲಿನವರೆಗೂ ಓದಿದೆ. 6/6. "ಕಣ್ಣು ಚೆನ್ನಾಗಿದೆಯಲ್ಲಮ್ಮಾ" ಎಂದರು. ಆಮೇಲೆ ಒಂದು ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಕೂರಿಸಿದರು. ಇದು 1903ರಲ್ಲಿ ಒಟ್ಟೊ ಶಿರ್ಮರ್ ಎಂಬ ಜರ್ಮನ್ ವೈದ್ಯ ಕೊಟ್ಟ ಪರೀಕ್ಷೆ, ಇಂದಿಗೂ ನಡೆಯುತ್ತಿದೆ. ಪಟ್ಟಿ 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಸಾಮಾನ್ಯವಾಗಿ ಕಣ್ಣೀರು ಸಾಕಷ್ಟಿದೆ ಎಂದು ಲೆಕ್ಕ. ನನ್ನದು 14 ಬಂತು. ಅಲ್ಲಿಗೆ ನನ್ನ ನೋವಿಗೆ ಆಧಾರವಿಲ್ಲ ಎಂದಾಯಿತು. ಒಂದು ಡ್ರಾಪ್ಸ್ ಬರೆದುಕೊಟ್ಟರು, "ಮೊಬೈಲ್ ಕಡಿಮೆ ಮಾಡು" ಎಂದರು. ಮೊಬೈಲ್ ಕಡಿಮೆ ಮಾಡಿದೆ. ಡ್ರಾಪ್ಸ್ ದಿನಕ್ಕೆ ಎಂಟು ಹತ್ತು ಸಲ ಹಾಕಿಕೊಂಡೆ. ಅದರಲ್ಲಿದ್ದ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಕೆಡದಂತೆ ಇಡುವ ರಾಸಾಯನಿಕ, ಪದೇ ಪದೇ ಹಾಕಿದರೆ ಕಣ್ಣಿನ ಮೇಲ್ಪದರವನ್ನೇ ಕೆರಳಿಸುತ್ತದೆ ಎಂದು ತಿಳಿದದ್ದು ತಿಂಗಳುಗಳ ನಂತರ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು ನಾನು. ಶೀಶೆಯ ಮೇಲಿನ ಚೀಟಿ ಓದಿರಲಿಲ್ಲ.

ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಕಣ್ಣಿಗೆ ಕಿತ್ತಳೆ ಬಣ್ಣದ ದ್ರವ ಹಾಕಿ, ನೀಲಿ ಬೆಳಕು ಬಿಟ್ಟು, "ರೆಪ್ಪೆ ಬಡಿಯಬೇಡಿ" ಎಂದು ಸೆಕೆಂಡು ಎಣಿಸಿದಾಗ ವಿಷಯ ಗೊತ್ತಾಯಿತು. ಸರಿಯಿರುವ ಕಣ್ಣಲ್ಲಿ ಕಣ್ಣೀರಿನ ಪದರ 10 ಸೆಕೆಂಡಿಗೂ ಹೆಚ್ಚು ಹೊತ್ತು ಒಡೆಯದೆ ನಿಲ್ಲುತ್ತದೆ. ನನ್ನದು 4ಕ್ಕೆ ಒಡೆಯುತ್ತಿತ್ತು. ಕಣ್ಣೀರು ಅಂದರೆ ಬರೀ ಉಪ್ಪುನೀರಲ್ಲ. ಕೆಳಗೆ ಅದನ್ನು ಕಣ್ಣಿಗೆ ಅಂಟಿಸುವ ಲೋಳೆ, ನಡುವೆ ನೀರು, ಮೇಲೆ ಆ ನೀರು ಆವಿಯಾಗದಂತೆ ಎಣ್ಣೆಯ ತೆಳುಪೊರೆ. ಎಲ್ಲ ಸೇರಿ ಕೆಲವೇ ಮೈಕ್ರೋಮೀಟರ್ ದಪ್ಪ. ಆ ಎಣ್ಣೆ ಒಸರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಗ್ರಂಥಿಗಳಿಂದ. 1666ರಲ್ಲಿ ಅವುಗಳನ್ನು ವಿವರಿಸಿದ ಹೈನ್ರಿಕ್ ಮೈಬೋಮ್ ಹೆಸರಲ್ಲೇ ಅವನ್ನು ಕರೆಯುತ್ತಾರೆ. ನನ್ನ ಗ್ರಂಥಿಗಳು ಕಟ್ಟಿಕೊಂಡಿದ್ದವು. ನೀರು ಬೇಕಾದಷ್ಟಿತ್ತು, ಆದರೆ ನಿಲ್ಲುತ್ತಿರಲಿಲ್ಲ.

ಮುಂದೆ ಹಿರಿಯೂರು ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಇದನ್ನು ಮಕ್ಕಳಿಗೆ ವಿವರಿಸಲು ಒದ್ದಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಒಂದೇ ಮಾತಲ್ಲಿ ಮುಗಿಸಿದ: "ಡ್ಯಾಂ ತುಂಬೈತೆ, ಚಾನಲ್ ಸರಿ ಇಲ್ಲ ಅನ್ರಿ ಮಿಸ್." 1933ರ ನಂತರ 89 ವರ್ಷ ಕಾದು 2022ರಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದದ್ದನ್ನು ಅಪ್ಪನ ಹೆಗಲ ಮೇಲೋ ಬೈಕಿನ ಹಿಂದೆಯೋ ಕೂತು ನೋಡಿ ಬಂದ ಮಕ್ಕಳು ಅವರು. ನನ್ನ ಪಾಠ ಯೋಜನೆಯಲ್ಲಿದ್ದ ಯಾವ ಉದಾಹರಣೆಯೂ ಅಷ್ಟು ಚೆನ್ನಾಗಿರಲಿಲ್ಲ.

ರೆಪ್ಪೆಗೆ ಬಿಸಿ ಶಾಖ, ಶುಚಿ, ರಾಸಾಯನಿಕವಿಲ್ಲದ ಡ್ರಾಪ್ಸ್. ಇದರಿಂದ ನಾಲ್ಕು ತಿಂಗಳಲ್ಲಿ ಪದರ ಸುಧಾರಿಸಿತು, ನೋವು ಮಾತ್ರ ಅಲ್ಲೇ ಇತ್ತು. ಆಗ ವೈದ್ಯೆ ಮರಗಟ್ಟಿಸುವ ಔಷಧಿಯ ಒಂದು ಹನಿ ಹಾಕಿ ಕೇಳಿದರು, "ಈಗ ಎಷ್ಟಿದೆ?" ಕಣ್ಣಿನ ಮೇಲ್ಮೈಯಲ್ಲೇ ನೋವಿನ ಮೂಲವಿದ್ದರೆ ಅದು ಪೂರ್ತಿ ನಿಲ್ಲಬೇಕಿತ್ತು. ಅರ್ಧ ಹೋಗಿ ಅರ್ಧ ಉಳಿಯಿತು. ಉಳಿದದ್ದು ನರದ ನೋವು. (ಇಲ್ಲೊಂದು ಮಾತು: ಆ ಮರಗಟ್ಟಿಸುವ ಹನಿ ಪರೀಕ್ಷೆಗೆ ಮಾತ್ರ. ಹಿತವಾಗಿದೆ ಎಂದು ಮನೆಯಲ್ಲಿ ಹಾಕಿಕೊಳ್ಳುತ್ತಾ ಹೋದರೆ ಕಾರ್ನಿಯಾವೇ ಹಾಳಾಗುತ್ತದೆ.)

ಕಾರ್ನಿಯಾದಲ್ಲಿ ನೋವು ತಿಳಿಯುವ ನರತುದಿಗಳು ಚರ್ಮಕ್ಕಿಂತ ನೂರಾರು ಪಟ್ಟು ದಟ್ಟವಾಗಿವೆ. ಕಣ್ಣಿಗೆ ಧೂಳಿನ ಕಣ ಬಿದ್ದರೆ ಲೋಕವೇ ಮರೆತುಹೋಗುವುದು ಅದಕ್ಕೇ. ಅವು ಐದನೆಯ ಕಪಾಲ ನರವಾದ ಟ್ರೈಜೆಮಿನಲ್ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಸೋಂಕು, ಉರಿಯೂತ, ಶಸ್ತ್ರಚಿಕಿತ್ಸೆ, ಬಹುಕಾಲದ ಒಣಗುವಿಕೆ, ಇವುಗಳಿಂದ ಪೆಟ್ಟು ತಿಂದ ನರಗಳು ಕೆಲವರಲ್ಲಿ ಗಾಯ ಮಾಗಿದ ಮೇಲೂ ಸುದ್ದಿ ಕಳಿಸುತ್ತಲೇ ಇರುತ್ತವೆ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೆ ಕರೆಂಟು ಸರಿಯಿದ್ದರೂ ಮೋಟರು ಟ್ರಿಪ್ ಆಗುತ್ತಲೇ ಇರುತ್ತದಲ್ಲ, ಹಾಗೆ. ಬಾಸ್ಟನ್ನಿನ ಕಣ್ಣಿನ ವೈದ್ಯ ಪೆರ್ರಿ ರೋಸೆಂಥಾಲ್, ಬಣ್ಣ ಹಾಕಿ ನೋಡಿದರೆ ಗಾಯವೇ ಕಾಣದ ಆದರೆ ತೀವ್ರವಾಗಿ ನೋಯುವ ಇಂಥ ಕಣ್ಣುಗಳ ಬಗ್ಗೆ ತಮ್ಮ ಸಹೋದ್ಯೋಗಿ ವೈದ್ಯರ ಗಮನ ಸೆಳೆದವರಲ್ಲಿ ಪ್ರಮುಖರು. ಕಣ್ಣೀರಿನ ಪದರವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಯೊಂದು 2017ರಲ್ಲಿ ಡ್ರೈ ಐ ಕಾಯಿಲೆಯ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನರ ಸಂವೇದನೆಯ ಏರುಪೇರನ್ನೂ ಕಾರಣಗಳ ಸಾಲಿಗೆ ಸೇರಿಸಿತು. ಅಂದರೆ ವೈದ್ಯಲೋಕವೇ ಇದನ್ನು ಬರವಣಿಗೆಯಲ್ಲಿ ಒಪ್ಪಿಕೊಂಡು ಹೆಚ್ಚು ವರ್ಷಗಳಾಗಿಲ್ಲ. ನಮ್ಮ ಅವಲೋಕನ ನಮೂನೆ ಹಿಂದೆ ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

ನನಗೆ ಕೊಟ್ಟದ್ದು ಅಮಿಟ್ರಿಪ್ಟಿಲಿನ್, ರಾತ್ರಿ ಮಲಗುವಾಗ, ಸಣ್ಣ ಪ್ರಮಾಣ. ಇದು ಮೂಲತಃ ಖಿನ್ನತೆಯ ಔಷಧಿ, ಸಣ್ಣ ಪ್ರಮಾಣದಲ್ಲಿ ನರದ ನೋವಿಗೂ ಬಳಸುತ್ತಾರೆ. ಮೆಡಿಕಲ್ ಶಾಪಿನವನು ಚೀಟಿ ನೋಡಿ ನನ್ನ ಮುಖ ನೋಡಿದ. ಹಾಸ್ಟೆಲ್ಲಿನಲ್ಲಿ ಯಾರೋ ಮಾತ್ರೆಯ ಹೆಸರು ಮೊಬೈಲಿನಲ್ಲಿ ಹುಡುಕಿದರು. ವಾರದೊಳಗೆ ನನಗೆ 'ಮೆಂಟಲ್ ಟೆನ್ಷನ್' ಇದೆ ಎಂದು ಸುದ್ದಿ. ಊರಲ್ಲಿ ಹೆಣ್ಣು ನೋಡಲು ಬಂದವರ ಎದುರು ಕಾಫಿ ಹಿಡಿದು ನಿಂತಾಗ ಕಣ್ಣಲ್ಲಿ ನೀರು ಸುರಿಯಿತು. ಹುಡುಗಿಗೆ ಇಷ್ಟವಿಲ್ಲವೇನೋ ಎಂದು ಅವರು ಪಿಸುಗುಟ್ಟಿಕೊಂಡರು. (ಇಷ್ಟವೂ ಇರಲಿಲ್ಲ, ಅದು ಬೇರೆ ಮಾತು.) ಕಣ್ಣು ಒಣಗುವ ಕಾಯಿಲೆ ಎಂದರೆ "ಮತ್ತೆ ನೀರು ಬರ್ತಿದೆಯಲ್ಲ?" ಎನ್ನುತ್ತಾರೆ. ಪದರ ಒಡೆದು ಮೇಲ್ಮೈ ಕೆರಳಿದಾಗ ಕಣ್ಣು ತನ್ನನ್ನು ಕಾಪಾಡಿಕೊಳ್ಳಲು ಒಮ್ಮೆಗೇ ನೀರು ಸುರಿಸುತ್ತದೆ, ಆ ನೀರು ಕೆನ್ನೆಗೆ ಇಳಿಯುತ್ತದೆಯೇ ಹೊರತು ಕಣ್ಣಲ್ಲಿ ನಿಲ್ಲುವುದಿಲ್ಲ ಎಂದು ಎಷ್ಟು ಜನಕ್ಕೆ ಹೇಳುತ್ತಾ ಕೂರುವುದು?

ಇನ್ನು ನಮ್ಮ ಜಿಲ್ಲೆ. ಒಣಗುವ ಕಣ್ಣಿಗೆ ಚಿತ್ರದುರ್ಗಕ್ಕಿಂತ ಕಷ್ಟದ ಊರು ಕರ್ನಾಟಕದಲ್ಲಿ ಹೆಚ್ಚಿರಲಾರವು. ಗುಡ್ಡದ ಸಾಲಿನ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿದ್ದಾರೆಂದರೆ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಹೊಸದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಅದು ಗೊತ್ತು. ಹಿರಿಯೂರಿನಲ್ಲಿ ಹೆದ್ದಾರಿಯ ಧೂಳು, ಬಿಸಿಲಿನ ಝಳ. ಅದಿರು ತುಂಬಿದ ಲಾರಿ ಓಡಾಡುವ ರಸ್ತೆಯ ಪಕ್ಕದ ಶಾಲೆಗಳಲ್ಲಿ ಬೆಳಗ್ಗೆ ಒರೆಸಿದ ಬೆಂಚು ಮಧ್ಯಾಹ್ನಕ್ಕೆ ಕೆಂಪಾಗಿರುತ್ತದೆ. ನಮ್ಮ ಹೊಳಲ್ಕೆರೆ ಕಡೆ ಹಸಿರೇನೋ ಇದೆ, ಆದರೆ ಅಡಿಕೆ ಸುಗ್ಗಿಯಲ್ಲಿ ಸುಲಿದ ಕಾಯಿ ಬೇಯಿಸುವ ಹಂಡೆಗಳ ಹೊಗೆ ಊರ ಮೇಲೆ ನಿಂತಿರುತ್ತದೆ. ಇದರ ನಡುವೆ ತರಗತಿ ಎಂದರೆ ಎದುರಿಗೆ ಫ್ಯಾನು, ಬೆನ್ನಿಗೆ ಕಿಟಕಿ, ಮೂಗಿನ ಮುಂದೆ ಸೀಮೆಸುಣ್ಣದ ಪುಡಿ.

2014ರ ಎನ್‌ಸಿಟಿಇ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷದ್ದಾಯಿತು, ಶಾಲೆಗಳಲ್ಲಿ ನಾವು ಕಳೆಯಬೇಕಾದ ಅವಧಿ ಒಟ್ಟು 20 ವಾರವಾಯಿತು. ಒಳ್ಳೆಯದೇ. ಆರು ನಿಮಿಷದ ಸೂಕ್ಷ್ಮ ಬೋಧನೆಯಲ್ಲಿ ಗೆಳತಿಯರ ಎದುರು ಏನನ್ನಾದರೂ ಮುಚ್ಚಿಡಬಹುದು, 45 ನಿಮಿಷದ ಪಿರಿಯಡ್ಡಿನಲ್ಲಿ 60 ಮಕ್ಕಳ ಎದುರು ಮುಚ್ಚಿಡಲು ಬರುವುದಿಲ್ಲ. ಮೊದಲ ದಿನ ನನ್ನ ಬಣ್ಣದ ಕನ್ನಡಕ ನೋಡಿ ಮುಂದಿನ ಬೆಂಚಿನವರು "ಮದ್ರಾಸ್ ಐ, ಮದ್ರಾಸ್ ಐ" ಎಂದು ಹಿಂದಕ್ಕೆ ಸರಿದರು. ಎರಡನೇ ದಿನ ಬೋರ್ಡಿಗೆ ಬೆನ್ನು ಮಾಡಿ ನಿಂತು ಕಣ್ಣು ಮುಚ್ಚಿದಾಗ "ಯಾಕ್ ಮಿಸ್ ಅಳ್ತೀರಾ?" ಎಂದು ಕೇಳಿದರು. ಮೂರನೇ ದಿನ ಹೇಳಿಬಿಟ್ಟೆ. ಇದು ಅಂಟುವುದಿಲ್ಲ, ಅಳುತ್ತಿಲ್ಲ, ಕಣ್ಣು ಮುಚ್ಚಿದರೆ ಎಣ್ಣೆಯ ಪದರ ಮತ್ತೆ ಕೂಡಿಕೊಳ್ಳುತ್ತದೆ, ನಾನು ಕೇಳಿಸಿಕೊಳ್ಳುತ್ತಲೇ ಇರುತ್ತೇನೆ, ಹಿಂದಿನ ಬೆಂಚಿನವರು ಜಾಣತನ ಮಾಡಬೇಡಿ ಎಂದೆ. ಅಂದಿನಿಂದ ನಾನು ಒಳಗೆ ಬರುವ ಮೊದಲೇ ಗಾಳಿ ಬೀಸುವ ಕಡೆಯ ಕಿಟಕಿ ಮುಚ್ಚಿರುತ್ತಿತ್ತು. ಡಸ್ಟರ್ ಬದಲಿಗೆ ಒದ್ದೆ ಬಟ್ಟೆ ಇರುತ್ತಿತ್ತು. ನಾನು ಹೇಳಿರಲಿಲ್ಲ.

ಮೇಲಿನ ಷರಾದ ಒಂದು ಭಾಗವನ್ನು ನಾನು ಒಪ್ಪುತ್ತೇನೆ. ಕಪ್ಪು ಗಾಜಿನ ಹಿಂದೆ ಕಣ್ಣು ಅಡಗಿದ ಶಿಕ್ಷಕಿಯನ್ನು ಕಂಡರೆ ಮಕ್ಕಳಿಗೆ ಅಳುಕಾಗುತ್ತದೆ. ನಾನು ಮೊದಲ ದಿನವೇ ಹೇಳಬೇಕಿತ್ತು. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಬೆಳಗಿನ ಪ್ರಾರ್ಥನೆಯ ಮೈದಾನಕ್ಕೆ ಗಾಳಿಯ ನೆಪ ಹೇಳಿ ತಪ್ಪಿಸಿಕೊಂಡ ದಿನಗಳಲ್ಲಿ ಎಲ್ಲವೂ ಗಾಳಿಯ ದಿನಗಳಾಗಿರಲಿಲ್ಲ. ಕಾಣದ ಕಾಯಿಲೆಯವರಿಗೆ ಈ ಸೌಲಭ್ಯ ಉಂಟು, ಅದಕ್ಕೇ ನಮ್ಮನ್ನು ನಂಬುವುದು ಕಷ್ಟ ಎಂಬುದೂ ನನಗೆ ತಿಳಿಯುತ್ತದೆ.

ಆದರೆ ದೃಷ್ಟಿ ಸಂಪರ್ಕ ಎಂಬ ಆ ಸಾಲನ್ನೇ ಒಮ್ಮೆ ನೋಡೋಣ. ಅದನ್ನು ನಮೂನೆಯಲ್ಲಿ ಇಟ್ಟದ್ದು ಯಾಕೆ? ಶಿಕ್ಷಕರು ಗೋಡೆ ನೋಡಿಕೊಂಡು, ನೋಟ್ಸ್ ನೋಡಿಕೊಂಡು ಪಾಠ ಒಪ್ಪಿಸಬಾರದು, ಮಕ್ಕಳಿಗೆ ಅರ್ಥವಾಗುತ್ತಿದೆಯೋ ಇಲ್ಲವೋ ಕ್ಷಣಕ್ಷಣಕ್ಕೂ ತಿಳಿಯುತ್ತಿರಬೇಕು ಎಂದು. ನಾನು ಅದನ್ನು ಬೇರೆ ದಾರಿಯಲ್ಲಿ ತಿಳಿಯುತ್ತಿದ್ದೆ. ಸಾಲುಗಳ ನಡುವೆ ಓಡಾಡುತ್ತಿದ್ದೆ, ಹೆಸರು ಹಿಡಿದು ಕೇಳುತ್ತಿದ್ದೆ, ಯಾವ ಮೂಲೆಯಲ್ಲಿ ಗುಸುಗುಸು ಶುರುವಾಯಿತು, ಯಾವ ಮೂಲೆ ತೀರಾ ಮೌನವಾಯಿತು ಎಂಬುದನ್ನು ಕಿವಿಯಿಂದ ಹಿಡಿಯುತ್ತಿದ್ದೆ. ಅರ್ಥವಾಗದ ಮೌನಕ್ಕೂ ಕೇಳಿಸಿಕೊಳ್ಳುವ ಮೌನಕ್ಕೂ ವ್ಯತ್ಯಾಸವಿದೆ, ಕಣ್ಣು ಮುಚ್ಚಿದರೆ ಅದು ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಪೂರ್ಣ ಅಂಧರಾದ ಶಿಕ್ಷಕರು ನಮ್ಮ ರಾಜ್ಯದ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದಾರೆ, ಅವರನ್ನು ಈ ಸಾಲಿನಲ್ಲಿ ಯಾರೂ ಅಳೆಯುವುದಿಲ್ಲ. ಅವರದು ಕಾಣುವ ತೊಂದರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳನ್ನು ಸಮನ್ವಯ ಶಿಕ್ಷಣದ ಪತ್ರಿಕೆಗಾಗಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದರಲ್ಲಿರುವ ಅಂಧತ್ವವನ್ನೂ ಮಂದದೃಷ್ಟಿಯನ್ನೂ ಅಳೆಯುವುದು ಎಷ್ಟು ಸ್ಪಷ್ಟವಾಗಿ, ಎಷ್ಟು ಅಗಲಕ್ಕೆ ಕಾಣುತ್ತದೆ ಎಂಬುದರಿಂದ. ಎಲ್ಲವೂ ಕಾಣುತ್ತದೆ, ನೋಡಿದರೆ ನೋಯುತ್ತದೆ ಎನ್ನುವವರನ್ನು ಆ ಅಳತೆಗೋಲು ಹಿಡಿಯುವುದಿಲ್ಲ. ನನಗೆ ಪ್ರಮಾಣಪತ್ರವೂ ಬೇಡ.

"ಒಬ್ಬೊಬ್ಬರಿಗೂ ಒಂದೊಂದು ರಿಯಾಯಿತಿ ಕೊಟ್ಟರೆ ಮೌಲ್ಯಮಾಪನ ಎಲ್ಲಿ ಉಳಿಯುತ್ತದೆ?" ಎಂದು ನಮ್ಮ ಉಪನ್ಯಾಸಕರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನಾನು ಕೇಳುತ್ತಿರುವುದು ಅಂಕವನ್ನಲ್ಲ. ನಮೂನೆಯ ಮೇಲ್ಭಾಗದಲ್ಲಿ, ಘಟಕದ ಹೆಸರು, ದಿನಾಂಕ, ಪಿರಿಯಡ್ ಬರೆಯುವ ಕಡೆ, ಇನ್ನೊಂದು ಗೆರೆ: 'ಪಾಠಕ್ಕೆ ಮುನ್ನ ಪ್ರಶಿಕ್ಷಣಾರ್ಥಿ ತಿಳಿಸಬಯಸುವುದು'. ಬಹುತೇಕರು ಖಾಲಿ ಬಿಡುತ್ತಾರೆ. ತೊದಲುವವರು, ಮಂಡಿನೋವಿನವರು, ಆರು ತಿಂಗಳ ಬಸುರಿಯರು, ನನ್ನಂಥವರು ಒಂದು ವಾಕ್ಯ ಬರೆಯುತ್ತಾರೆ. ಓದಿದ ಮೇಲೂ ಮೇಲ್ವಿಚಾರಕರು 2 ಕೊಡಬಹುದು. ಆಗ ಆ ಎರಡು ಅಂಕ ನನ್ನ ಬೋಧನೆಯದಾಗಿರುತ್ತದೆ. ಜೊತೆಗೆ ಆ ಸಾಲಿನ ಹೆಸರನ್ನು 'ವಿದ್ಯಾರ್ಥಿಗಳ ಗ್ರಹಿಕೆಯ ಅರಿವು' ಎಂದು ಬದಲಿಸಿದರೆ ಇನ್ನೂ ಒಳ್ಳೆಯದು. ಕಣ್ಣರಳಿಸಿ ನೋಡುತ್ತಲೇ ಏನನ್ನೂ ಕಾಣದೆ ಪಾಠ ಮುಗಿಸುವವರನ್ನು ನಾನು ಸಹಪಾಠಿಗಳಲ್ಲೂ ನೋಡಿದ್ದೇನೆ, ಅವರಿಗೆ 5ಕ್ಕೆ 5 ಬಂದಿದೆ.

ರೆಕಾರ್ಡ್ ಬರೆಯುವುದರ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ನನ್ನ ಕಣ್ಣಿಗೆ ಗಾಳಿಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಅದು. ಪಾಠ ಯೋಜನೆ, ಅವಲೋಕನ, ಘಟಕ ಪರೀಕ್ಷೆ, ಶಾಲಾ ದಾಖಲೆಗಳ ಅಧ್ಯಯನ, ಎಲ್ಲವೂ ಕೈಬರಹದಲ್ಲಿ, ಅಂಚಿಗೆ ಸ್ಕೆಚ್ ಪೆನ್ನಿನ ಬಳ್ಳಿ. ಮಾತಾಡುವಾಗ ನಾವು ನಿಮಿಷಕ್ಕೆ ಸುಮಾರು 15 ಸಲವಾದರೂ ರೆಪ್ಪೆ ಬಡಿಯುತ್ತೇವೆ, ಓದು ಬರಹದಲ್ಲಿ ಮುಳುಗಿದರೆ ಅದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಪ್ರತಿ ಬಡಿತವೂ ಒಂದು ಸಲ ಎಣ್ಣೆ ಸವರಿದಂತೆ. ರಾತ್ರಿ ಎರಡು ಗಂಟೆಯವರೆಗೆ ಬಳ್ಳಿ ಬಿಡಿಸುವ ಇಡೀ ಹಾಸ್ಟೆಲ್ಲು ಬೆಳಗ್ಗೆ ಕೆಂಗಣ್ಣಿನಿಂದ ಬಸ್ ಹತ್ತುತ್ತದೆ. ಬಳ್ಳಿಯಿಂದ ಯಾವ ಮಗುವಿಗೆ ಯಾವ ಪಾಠ ಅರ್ಥವಾಯಿತೋ ಕಾಣೆ.

ಈಗ ಪಠ್ಯಪುಸ್ತಕದ ವಿಷಯ. ವಿಜ್ಞಾನ ಬೋಧಿಸುವ ಗೆಳೆಯರು ಇದನ್ನು ದಯವಿಟ್ಟು ಗಮನಿಸಬೇಕು. 10ನೇ ತರಗತಿಯ ಈ ಪಾಠದಲ್ಲಿ ಕಾರ್ನಿಯಾ ಇದೆ, ಮಸೂರ, ರೆಟಿನಾ ಇವೆ. ಸಮೀಪ ದೃಷ್ಟಿ, ದೂರ ದೃಷ್ಟಿ, ಪೊರೆ, ನೇತ್ರದಾನ, ಪಟ್ಟಕ, ಆಕಾಶದ ನೀಲಿ, ಎಲ್ಲ ಇವೆ. ಕಣ್ಣೀರು ಇಲ್ಲ. ಕಣ್ಣಿಗೆ ಬರುವ ಬೆಳಕಿನ ಹೆಚ್ಚಿನ ವಕ್ರೀಭವನ ಕಾರ್ನಿಯಾದ ಹೊರ ಮೇಲ್ಮೈಯಲ್ಲೇ ಆಗುತ್ತದೆ ಎಂದು ಪುಸ್ತಕವೇ ಹೇಳುತ್ತದೆ. ಆದರೆ ಗಾಳಿಯಿಂದ ಬಂದ ಬೆಳಕು ಮೊದಲು ಮುಟ್ಟುವುದು ಕಾರ್ನಿಯಾವನ್ನಲ್ಲ, ಅದರ ಮೇಲಿನ ಕಣ್ಣೀರಿನ ಪದರವನ್ನು. ಆ ಪದರ ನುಣುಪಾಗಿದ್ದರೆ ಬೋರ್ಡಿನ ಅಕ್ಷರ ನುಣುಪು, ಒಡೆದರೆ ಅಕ್ಷರ ಮಸುಕು, ರೆಪ್ಪೆ ಬಡಿದರೆ ಮತ್ತೆ ಸ್ಪಷ್ಟ. ಈ ಕಾರಣಕ್ಕೆ ಬೋರ್ಡು ಕಾಣದ ಮಗುವಿಗೆ ಮಸೂರದ ಕನ್ನಡಕ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ.

ನಾನು ಮಾಡಿದ ಚಟುವಟಿಕೆಗೆ ಖರ್ಚಿಲ್ಲ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ, ಒಬ್ಬರು ಒಂದು ನಿಮಿಷ ಸುಮ್ಮನೆ ಮಾತಾಡುವಾಗ, ಮತ್ತೊಂದು ನಿಮಿಷ ಸಣ್ಣ ಅಕ್ಷರ ಓದುವಾಗ ಇನ್ನೊಬ್ಬರು ರೆಪ್ಪೆ ಎಣಿಸಬೇಕು. ಎಣಿಸುತ್ತಿದ್ದಾರೆಂದು ಗೊತ್ತಾದರೆ ಕಣ್ಣು ಬೇಕೆಂದೇ ಬಡಿಯುತ್ತಾರೆ, ಹಾಗಾಗಿ ಮೊದಲ ಸುತ್ತಿನಲ್ಲಿ ಓದುವವರಿಗೆ ಉದ್ದೇಶ ಹೇಳಬಾರದು. ಒಬ್ಬನದು 18ರಿಂದ 7ಕ್ಕೆ ಇಳಿಯಿತು, ತರಗತಿಯಲ್ಲಿ ಗದ್ದಲವೋ ಗದ್ದಲ. ಪೀಠಿಕೆಗೆ ಬಳಸಿದ್ದು ಪುನೀತ್ ರಾಜಕುಮಾರ್ ಅವರ ನೇತ್ರದಾನ. 2021ರ ಅಕ್ಟೋಬರಿನಲ್ಲಿ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಮುಂದಿನ, ಹಿಂದಿನ ಪದರಗಳಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟದ್ದು ಮಕ್ಕಳಿಗೆಲ್ಲ ಗೊತ್ತು. ಕಾರ್ನಿಯಾ ಎಂಬ ಪದವನ್ನು ಕರ್ನಾಟಕದ ಮನೆಮನೆಗೆ ಮುಟ್ಟಿಸಿದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಅಪ್ಪು. "ಹಾಗಾದ್ರೆ ನಿಮಗೂ ಹೊಸ ಕಾರ್ನಿಯಾ ಹಾಕಿಸ್ಕಳಿ ಮಿಸ್" ಎಂದು ಒಬ್ಬಳು ಪರಿಹಾರ ಕೊಟ್ಟಳು. ನನ್ನ ಕಾರ್ನಿಯಾ ಚೆನ್ನಾಗೇ ಇದೆ, ಕೆಟ್ಟದ್ದು ಅದರ ತಂತಿ ಎಂದಾಗ ಅವಳಿಗೆ ಬೇಸರವಾಯಿತು.

ಇಷ್ಟೆಲ್ಲ ತಿಳಿದ ನಾನು ಏನು ಮಾಡಿದೆ ಎಂಬುದನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಹೊಸದುರ್ಗ ತಾಲ್ಲೂಕಿನ ಶಾಲೆಯಲ್ಲಿ, ಎಂಟನೇ ತರಗತಿಯ ಹುಡುಗಿಯೊಬ್ಬಳು ಪ್ರತಿ ದಿನ ಊಟದ ನಂತರದ ಪಿರಿಯಡ್ಡಿನಲ್ಲಿ ಕಣ್ಣುಜ್ಜುತ್ತಾ ಡೆಸ್ಕಿನ ಮೇಲೆ ತಲೆ ಇಡುತ್ತಿದ್ದಳು. ಒಂದು ದಿನ ಎಲ್ಲರೆದುರು, "ನಿದ್ದೆ ಬರ್ತಿದ್ರೆ ಎದ್ದು ಹೋಗಿ ಮುಖ ತೊಳ್ಕೊಂಡು ಬಾ" ಎಂದೆ. ಎದ್ದು ಹೋದಳು, ಮುಖ ತೊಳೆದು ಬಂದಳು, ಮತ್ತೆ ಉಜ್ಜಿದಳು. "ರಾತ್ರಿ ಟೀವಿ ನೋಡ್ತಾ ಕೂತಿದ್ಯೇನೋ" ಎಂದೆ. ಮಕ್ಕಳು ನಕ್ಕರು. ಅದು ಮುಗಿದು ಸ್ಟಾಫ್ ರೂಮಿನಲ್ಲಿ ಬಿಸಿ ಬಟ್ಟೆಯನ್ನು ನನ್ನ ರೆಪ್ಪೆಯ ಮೇಲೆ ಇಟ್ಟುಕೊಂಡು ಕೂತಾಗ ನಾನು ಯಾರ ಮಾತನ್ನು ಆಡಿದೆ ಎಂದು ಹೊಳೆಯಿತು.

ಸಂಜೆ ಕರೆದು ಕೇಳಿದೆ. "ಉರೀತವೆ ಮಿಸ್, ಕಡೀತವೆ." ಶಾಲಾ ತಪಾಸಣೆಯಲ್ಲಿ ಏನೆಂದರು? "ಎಲ್ಲಾ ಓದ್ದೆ ಮಿಸ್, ಸರಿ ಐತೆ ಅಂದ್ರು." ನನ್ನದೇ 6/6. ಮುಸ್ಸಂಜೆ ಕಣ್ಣು ಕಾಣುತ್ತದಾ ಎಂದೂ ಕೇಳಿದೆ. ಮಕ್ಕಳಲ್ಲಿ ಕಣ್ಣು ಒಣಗುವುದಕ್ಕೆ ಎ ಜೀವಸತ್ವದ ಕೊರತೆಯೂ ಕಾರಣವಾಗಬಹುದು, ಇರುಳುಗಣ್ಣು ಅದರ ಮೊದಲ ಸೂಚನೆ. ಅದು ಇರಲಿಲ್ಲ. ಅವಳ ಜಾಗ ರಸ್ತೆ ಕಡೆಯ ಕಿಟಕಿಯ ಪಕ್ಕ, ಮಧ್ಯಾಹ್ನದ ಗಾಳಿ ಧೂಳನ್ನೆಲ್ಲ ಅವಳ ಮುಖಕ್ಕೇ ತಂದು ಸುರಿಯುತ್ತಿತ್ತು. ಮರುದಿನ ಒಳಗಿನ ಸಾಲಿಗೆ ಕೂರಿಸಿದೆ, ಮುಖ್ಯ ಶಿಕ್ಷಕರ ಮೂಲಕ ಅವಳ ಅಪ್ಪನಿಗೆ ಹೇಳಿ ಕಳಿಸಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅಲರ್ಜಿ ಎಂದರಂತೆ, ಡ್ರಾಪ್ಸ್ ಕೊಟ್ಟರಂತೆ. ನನ್ನ ಕಾಯಿಲೆಯಲ್ಲ, ವಾಸಿಯಾಗುವಂಥದ್ದು. ಎರಡು ವಾರದ ಮೇಲೆ ತಲೆ ಎತ್ತಿ ಕೂತಳು. ಎಲ್ಲರೆದುರು ನಾನು ತಪ್ಪು ಹೇಳಿದೆ ಎಂದು ತರಗತಿಗೆ ಹೇಳಿದೆ. ಅವಳು ನಾಚಿ ಮತ್ತೆ ತಲೆ ಬಗ್ಗಿಸಿದಳು.

ಶಾಲೆಗಳಲ್ಲಿ ಕಣ್ಣಿನ ತಪಾಸಣೆ ನಡೆಯುತ್ತಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಈಚೆಗೆ ರಾಜ್ಯದ ಆಶಾಕಿರಣ ಯೋಜನೆಯಲ್ಲಿ ತಪಾಸಣೆ ಮಾಡಿ ಉಚಿತ ಕನ್ನಡಕವನ್ನೂ ಕೊಡುತ್ತಿದ್ದಾರೆ. ಬಹಳ ಮಕ್ಕಳಿಗೆ ಇದರಿಂದ ಬೋರ್ಡು ಕಂಡಿದೆ, ಅದನ್ನು ನಾನೇ ನೋಡಿದ್ದೇನೆ. ಆದರೆ ಚಾರ್ಟು ಓದುವ ಮಗುವಿಗೆ 'ಉರಿಯುತ್ತದಾ, ಕಡಿಯುತ್ತದಾ, ಬೆಳಕಿಗೆ ನೋಯುತ್ತದಾ' ಎಂದು ಕೇಳಲು ಯಂತ್ರ ಬೇಕಿಲ್ಲ, ವೈದ್ಯರೇ ಬರಬೇಕೆಂದೂ ಇಲ್ಲ. ತರಗತಿ ಶಿಕ್ಷಕರು ಹಾಜರಿ ಕರೆಯುವಾಗ ಕೇಳಬಹುದು. ಇಂಟರ್ನ್‌ಶಿಪ್ಪಿನಲ್ಲಿ ನಮಗೆ ಮಾಡಲು ಹೇಳುವ ವ್ಯಕ್ತಿ ಅಧ್ಯಯನಕ್ಕೆ ಪ್ರತಿ ವರ್ಷ 'ಹಿಂದುಳಿದ ವಿದ್ಯಾರ್ಥಿ' ಎಂದು ಒಬ್ಬರನ್ನು ಹುಡುಕುತ್ತೇವಲ್ಲ, ಅವರಲ್ಲಿ ಎಷ್ಟು ಜನ ಕಿಟಕಿ ಪಕ್ಕದವರು ಎಂದು ಮುಂದಿನ ತಂಡದವರು ನೋಡಲಿ.

ಬರುವ ತಿಂಗಳು ನಮ್ಮ ಅಂತಿಮ ಬೋಧನಾ ಪರೀಕ್ಷೆ. ಬಾಹ್ಯ ಪರೀಕ್ಷಕರು ಬರುತ್ತಾರೆ, ನಮೂನೆ ಹಳೆಯದೇ, ದೃಷ್ಟಿ ಸಂಪರ್ಕದ ಸಾಲೂ ಅಲ್ಲೇ ಇದೆ. ನಾನು ಅದೇ ಪಾಠವನ್ನು ಆರಿಸಿಕೊಂಡಿದ್ದೇನೆ. ಪಾಠ ಯೋಜನೆಯ ಮೊದಲ ಪುಟದ ಮೇಲ್ಭಾಗದಲ್ಲಿ, ಯಾರೂ ಗೆರೆ ಎಳೆಯದ ಕಡೆ, ಒಂದು ವಾಕ್ಯ ಬರೆದಿಟ್ಟಿದ್ದೇನೆ. ಮಾರ್ಗದರ್ಶಕರು ಓದಿ, ಏನೂ ಹೇಳದೆ, ಅದರ ಕೆಳಗೆ ಸಹಿ ಹಾಕಿದರು. ಪೀಠಿಕೆಗೆ ಈ ಸಲ ಅಪ್ಪು ಬೇಡ, ವಾಣಿ ವಿಲಾಸದ ಚಾನಲ್ಲಿನಿಂದಲೇ ಶುರು ಮಾಡೋಣ ಅಂತಿದ್ದೇನೆ.